ನೆಲದಡಿಯ ಕೇಬಲ್ ಕೆಟ್ಟಾಗ ಅಗೆಯುವುದೆಲ್ಲಿ?

ಹಳ್ಳದ ಬದಿಯ ಪಂಪಿಗೆ ಮೀಟರ್ ಮನೆಯಿಂದ ನೆಲದೊಳಗೆ ಕೇಬಲ್ ಹಾಕಿರುವ ತೋಟಗಳು ನಮ್ಮಲ್ಲಿ ಅನೇಕ. ರೋಬಸ್ಟಾಕ್ಕೆ ಹೂವಿನ ನೀರು ಕೊಡಬೇಕಾದ ಫೆಬ್ರವರಿ-ಮಾರ್ಚಿನಲ್ಲೇ ಈ ಕೇಬಲ್ ಕೈಕೊಟ್ಟರೆ ಬೆಳೆಗಾರನ ಪಾಡು ಹೇಳತೀರದು. ಇಡೀ ಸಾಲನ್ನು ಅಗೆಸೋಣವೆಂದರೆ ಕೂಲಿಯ ಖರ್ಚು ಒಂದೆಡೆ, ಮೇಲ್ಮಣ್ಣಿನಲ್ಲಿ ಹರಡಿರುವ ಅಡಿಕೆಯ ಬೇರು ಕಡಿದುಹೋಗುವ ನಷ್ಟ ಇನ್ನೊಂದೆಡೆ. ದೋಷದ ಜಾಗವನ್ನು ಅಗೆಯದೆಯೇ ಅಂದಾಜು ಮಾಡಿಕೊಡುವ ಉಪಕರಣವೇ ರಿಫ್ಲೆಕ್ಟೋಮೀಟರ್. ಪರೀಕ್ಷೆ ಮಾಡುವವರು ಎಲೆಕ್ಟ್ರಿಷಿಯನ್ನರೇ ಆದರೂ ಅದರ ಲೆಕ್ಕವನ್ನು ನಾವೂ ತಿಳಿದಿರುವುದು ಲೇಸು.

ಬಾವಿಯೊಳಗೆ ಕೂಗಿದ ದನಿ ತಿರುಗಿ ಬರುವಂತೆ, ಕೇಬಲಿಗೆ ಕಳುಹಿಸಿದ ವಿದ್ಯುತ್ ಮಿಡಿತವು ತಂತಿ ತುಂಡಾದ ಅಥವಾ ಒಂದಕ್ಕೊಂದು ತಗುಲಿದ ಜಾಗದಿಂದ ಹಿಂದಿರುಗುತ್ತದೆ. ಹೋಗಿಬಂದ ಸಮಯದಿಂದ ದೂರ ತಿಳಿಯುತ್ತದೆ. ಸಾಮಾನ್ಯ ಪಂಪ್ ಕೇಬಲಿನಲ್ಲಿ ಮಿಡಿತವು ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ, ಸುಮಾರು 160 ಮೀಟರ್ ಓಡುತ್ತದೆ. ಹೋಗಿಬರುವ ಲೆಕ್ಕಕ್ಕೆ ಇದು 80 ಮೀಟರ್ ದೂರವಾಯಿತು.

ಹಿಂದಿರುಗುವ ಮಿಡಿತವನ್ನು ಉಪಕರಣವು ಬಿಟ್ಟು ಬಿಟ್ಟು ಅಳೆಯುತ್ತದೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಸೆಕೆಂಡಿಗೆ 1 ಕೋಟಿ ಸಲ ಅಳೆದರೆ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ 8 ಮೀಟರ್ ಅಂತರ ಉಳಿಯುತ್ತದೆ. 10 ಕೋಟಿ ಸಲವಾದರೆ 80 ಸೆಂಟಿಮೀಟರ್. 100 ಕೋಟಿಯಾದರೆ 8 ಸೆಂಟಿಮೀಟರ್. ಹಾಗಾದರೆ ಅತಿ ಸೂಕ್ಷ್ಮವಾದುದೇ ಮೇಲೆಂದು ತೋರಬಹುದು. ಆದರೆ ಗುದ್ದಲಿಯಿಂದ ತೆಗೆಯುವ ಗುಂಡಿಯೇ ಒಂದು ಮೀಟರ್ ಉದ್ದವಿರುವಾಗ 8 ಸೆಂಟಿಮೀಟರಿನ ಸೂಕ್ಷ್ಮತೆಯಿಂದ ನಮಗಾಗುವ ಪ್ರಯೋಜನ ಅಲ್ಪ. ಅಲ್ಲದೆ, 500 ಅಳತೆಗಳನ್ನಷ್ಟೇ ಹಿಡಿಯುವ ಉಪಕರಣವಾದರೆ, 80 ಸೆಂಟಿಮೀಟರಿನಂತೆ 400 ಮೀಟರ್ ಕೇಬಲನ್ನು ತೋರಿಸುತ್ತದೆ; 8 ಸೆಂಟಿಮೀಟರಿನಂತೆ ಒಮ್ಮೆಗೆ 40 ಮೀಟರನ್ನಷ್ಟೇ ತೋರಿಸುತ್ತದೆ. ಆದುದರಿಂದ ಕೇಬಲಿನ ಉದ್ದಕ್ಕಿಂತ ತುಸು ಹೆಚ್ಚಿನ ದೂರವನ್ನು ಆರಿಸಿಕೊಂಡರೆ ಸಾಕು. 300 ಮೀಟರ್ ಕೇಬಲಿಗೆ 2 ಕಿಲೋಮೀಟರಿನ ದೂರವನ್ನು ಇಟ್ಟರೆ ಅದೇ 500 ಅಳತೆಗಳು 4 ಮೀಟರಿಗೊಂದರಂತೆ ಹಂಚಿಹೋಗುತ್ತವೆ.

ಮಿಡಿತದ ಅಗಲವನ್ನೂ ಗಮನಿಸಬೇಕು. ಮಿಡಿತವು ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಗಲವಿದ್ದರೆ ಮೊದಲ 8 ಮೀಟರಿನೊಳಗಿನ ದೋಷ ಅದರಲ್ಲೇ ಮುಚ್ಚಿಹೋಗುತ್ತದೆ. ಹತ್ತಿರದ ದೋಷಕ್ಕೆ ಕಿರಿದಾದ ಮಿಡಿತ, ದೂರದ್ದಕ್ಕೆ ಅಗಲವಾದುದು ಸೂಕ್ತ.

ಇವೆಲ್ಲಕ್ಕಿಂತ ಮುಖ್ಯವಾದುದು ವೇಗದ ಲೆಕ್ಕ. ಕೇಬಲಿನ ಹೊದಿಕೆಗೆ ತಕ್ಕಂತೆ ಮಿಡಿತದ ವೇಗ ಬದಲಾಗುತ್ತದೆ. ಉಪಕರಣದಲ್ಲಿ ಇಟ್ಟ ವೇಗ ನೂರಕ್ಕೆ 5ರಷ್ಟು ತಪ್ಪಿದರೆ 200 ಮೀಟರ್ ದೂರದಲ್ಲಿ 10 ಮೀಟರ್ ವ್ಯತ್ಯಾಸ ಬೀಳುತ್ತದೆ. ಸ್ಯಾಂಪ್ಲಿಂಗ್ ಎಷ್ಟೇ ಸೂಕ್ಷ್ಮವಾಗಿದ್ದರೂ ಇದು ಸರಿಹೋಗದು. ಪರಿಹಾರವೆಂದರೆ ಎರಡು ತುದಿಗಳಿಂದಲೂ ಅಳೆಯುವುದು. 320 ಮೀಟರ್ ಕೇಬಲಿನಲ್ಲಿ ಸ್ಟಾರ್ಟರ್ ಕಡೆಯಿಂದ 210, ಪಂಪಿನ ಕಡೆಯಿಂದ 126 ಮೀಟರ್ ಎಂದು ತೋರಿಸಿತೆನ್ನೋಣ. ಒಟ್ಟು 336, ಇರುವುದು 320. ಆಗ 210ನ್ನು 320ರಿಂದ ಗುಣಿಸಿ 336ರಿಂದ ಭಾಗಿಸಬೇಕು. ಬರುವ 200 ಮೀಟರೇ ಅಗೆಯಬೇಕಾದ ಜಾಗ. ಸುರುಳಿ ಸುತ್ತಿಟ್ಟ ಕೇಬಲಿನ ಉದ್ದವೂ ಇದರಲ್ಲಿ ಸೇರಿರುತ್ತದೆಂಬುದನ್ನು ಮರೆಯಬಾರದು.

ಜಾಯಿಂಟಿನಲ್ಲಿ ತೇವ ಸೇರಿ ಸ್ವಲ್ಪವೇ ಸೋರುವ ದೋಷವು ಈ ಉಪಕರಣಕ್ಕೆ ಕಾಣದಿರಬಹುದು. ಮೊದಲು ಮೆಗ್ಗರಿನಿಂದ ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಯಾವ ಪರೀಕ್ಷೆಗೇ ಆಗಲಿ, ಮೇನ್ ಸ್ವಿಚ್ ಆರಿಸಿ, ಕೇಬಲಿನ ಎರಡೂ ತುದಿಗಳನ್ನು ಬಿಚ್ಚಿಸಿ, ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯತಕ್ಕದ್ದು.

ಹೊಸದಾಗಿ ಕೇಬಲ್ ಹಾಕಿಸುವ ಸದಸ್ಯರು ಅದರ ಉದ್ದ, ಹೋದ ದಾರಿ ಹಾಗೂ ಜಾಯಿಂಟುಗಳ ಸ್ಥಳವನ್ನು ತೋಟದ ಪುಸ್ತಕದಲ್ಲಿ ಬರೆದಿಡುವುದು ಒಳಿತು. ಆ ಒಂದು ಪುಟವಿದ್ದರೆ ಮುಂದೆ ಹತ್ತು ಗುಂಡಿ ಅಗೆಯುವಲ್ಲಿ ಒಂದೇ ಸಾಕಾದೀತು.