ಮನೆಯ ವೈ-ಫೈ: ಕೀಲಿಕೈ ಯಾರ ಕೈಯಲ್ಲಿ?

ಕಲಬುರಗಿಯ ಯಾವುದೇ ಬಡಾವಣೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಕರಿಯ ತಂತಿಗಳು ಜೋತು ಬಿದ್ದಿರುತ್ತವೆ. ಒಂದು ಕಾಲಕ್ಕೆ ಅವು ಟಿ.ವಿ. ಚಾನೆಲ್ಲುಗಳನ್ನು ಹೊತ್ತು ತರುತ್ತಿದ್ದವು. ಈಗ ಅವುಗಳಲ್ಲಿ ಅನೇಕವುಗಳ ಒಳಗೆ ಕೂದಲೆಳೆಯಂತಹ ಗಾಜಿನ ಎಳೆಯಿದೆ. ಅದರೊಳಗೆ ಬೆಳಕಿನ ರೂಪದಲ್ಲಿ ಇಂಟರ್‌ನೆಟ್ ಹರಿಯುತ್ತಿದೆ. ಆ ತಂತಿ ಮನೆಯೊಳಗೆ ಬಂದು ನಿಲ್ಲುವುದು ಎರಡೋ ನಾಲ್ಕೋ ಕೊಂಬುಗಳಿರುವ ಪುಟ್ಟ ಪೆಟ್ಟಿಗೆಯೊಂದರಲ್ಲಿ. ಅದೇ ವೈ-ಫೈ ರೂಟರ್.

ಪೆಟ್ಟಿಗೆ ಕೂಡಿಸಲು ಬಂದ ಹುಡುಗ ತನ್ನ ಫೋನಿನಲ್ಲಿ ಹತ್ತು ನಿಮಿಷ ಏನೋ ಒತ್ತುತ್ತಾನೆ. “ನಿಮ್ಮ ಮೊಬೈಲ್ ನಂಬರೇ ಪಾಸ್‌ವರ್ಡ್ ನೋಡ್ರಿ” ಎಂದು ಹೇಳಿ ಹೊರಟು ಹೋಗುತ್ತಾನೆ. ಮನೆಮಂದಿಗೆಲ್ಲ ಸಂತೋಷ. ಆದರೆ ಮುಂದೊಂದು ದಿನ ನೆಟ್ ನಿಂತರೆ? “ತಮ್ಮಾ, ನೆಟ್ ಬರವಲ್ದು, ಒಂದೀಟು ಬಂದು ನೋಡಿ ಹೋಗಪಾ” ಎಂದು ಅವನಿಗೇ ಫೋನು ಮಾಡಬೇಕು. ನಗರದೊಳಗಾದರೆ ಸಂಜೆಯೊಳಗೆ ಬಂದಾನು. ಬೀದರ್ ಕಡೆಯ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ, ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಅಥವಾ ಅದರ ಆಚೆಯ ಹಳ್ಳಿಗೆ ನಗರದಿಂದಲೇ ಬರಬೇಕೆಂದರೆ “ನಾಳಿಗಿ ಬರ್ತೀನ್ರಿ” ಎಂಬ ಉತ್ತರ ಸಿಕ್ಕರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಮಗಳ ಪರೀಕ್ಷಾ ಅರ್ಜಿಯ ಕೊನೆಯ ದಿನ ಮುಗಿದಿದ್ದರೆ?

ಇದು ಉಪೇಕ್ಷಿಸುವ ಮಾತಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ ಪಾಠವೇ ಫೋನಿನೊಳಗೆ ಬಂತು. ಪಹಣಿ, ಬ್ಯಾಂಕಿನ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ, ಅಂಗಡಿಯ ಹಣ ಪಾವತಿ ಎಲ್ಲವೂ ಈಗ ಅದೇ ದಾರಿ ಹಿಡಿದಿವೆ. ಹೀಗಿರುವಾಗ ಮನೆಯ ಈ ಹೊಸ ಬಾಗಿಲಿನ ಕೀಲಿಕೈ ಹೊರಗಿನವರ ಬಳಿ ಇರುವುದು ಎಷ್ಟು ಸರಿ? ನಿಜ ಹೇಳಬೇಕೆಂದರೆ, ಆ ಹುಡುಗ ಮಾಡಿದ ಕೆಲಸದಲ್ಲಿ ಬಹುಪಾಲನ್ನು ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನಿನಿಂದಲೇ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದು. ಕಂಪ್ಯೂಟರ್ ಬೇಕಿಲ್ಲ, ಇಂಜಿನಿಯರಿಂಗ್ ಓದಿರಬೇಕಾಗಿಯೂ ಇಲ್ಲ.

ಲೈಸೆನ್ಸ್ ಬೇಡದ ಅಲೆಗಳು

ವೈ-ಫೈ ಎಂದರೆ ಬೇರೇನೂ ಅಲ್ಲ, ರೇಡಿಯೊ. 1895ರಲ್ಲಿ ಕೋಲ್ಕತ್ತದ ಟೌನ್‌ಹಾಲ್‌ನಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗಿನ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದ್ದು ಇದೇ ಕುಲದ ಅಲೆಗಳಿಂದ. ಇಂತಹ ಅಲೆಗಳ ಮೂಲಕ ಕಂಪ್ಯೂಟರುಗಳು ಮಾತನಾಡಿಕೊಳ್ಳುವ ಮೊದಲ ಅಂತರರಾಷ್ಟ್ರೀಯ ನಿಯಮಾವಳಿ ಸಿದ್ಧವಾದದ್ದು 1997ರಲ್ಲಿ. ಆಗಿನ ವೇಗ ಸೆಕೆಂಡಿಗೆ ಕೇವಲ 2 ಮೆಗಾಬಿಟ್. ‘ವೈ-ಫೈ’ ಎಂಬ ಹೆಸರು ಬಂದದ್ದು 1999ರಲ್ಲಿ.

ನಮ್ಮ ದೇಶದಲ್ಲಿ ರೇಡಿಯೊ ಅಲೆ ಹೊರಡಿಸಲು ಸರ್ಕಾರದ ಲೈಸೆನ್ಸ್ ಬೇಕು. ಆದರೆ 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಕಟ್ಟುಪಾಡಿನಿಂದ ವಿನಾಯಿತಿ ಕೊಟ್ಟಿತು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನೂ ಹೀಗೆಯೇ ಮುಕ್ತಗೊಳಿಸಲಾಯಿತು. ಇಂದಿನ ಬಹಳಷ್ಟು ರೂಟರುಗಳು ಈ ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ನಿಮ್ಮ ಫೋನಿನಲ್ಲಿ ಒಂದೇ ಮನೆಯ ವೈ-ಫೈ ಎರಡು ಹೆಸರಿನಲ್ಲಿ ಕಂಡರೆ ಗಾಬರಿ ಬೇಡ. 2.4ರ ಅಲೆ ದೂರ ಹೋಗುತ್ತದೆ, ವೇಗ ಕಡಿಮೆ. 5ರ ಅಲೆಗೆ ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ.

ಮೊದಲು ದೀಪ ನೋಡಿ

ಪೆಟ್ಟಿಗೆಯ ಮೇಲಿನ ಸಣ್ಣ ದೀಪಗಳು ಸುಮ್ಮನೆ ಅಲಂಕಾರಕ್ಕಲ್ಲ. ‘ಪವರ್’ ದೀಪ ಉರಿದರೆ ಕರೆಂಟು ಬಂದಿದೆ. ‘ಪಿಓಎನ್’ ಎಂಬುದು ಹಸಿರಾಗಿ ಸ್ಥಿರವಾಗಿ ನಿಂತಿದ್ದರೆ ಗಾಜಿನ ಎಳೆಯ ಬೆಳಕು ನಿಮ್ಮ ಮನೆಗೆ ತಲುಪುತ್ತಿದೆ. ‘ಎಲ್‌ಓಎಸ್’ ಎಂಬುದು ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ; ಎಲ್ಲೋ ರಸ್ತೆ ಅಗೆದಿರಬಹುದು, ತಂತಿ ತುಂಡಾಗಿರಬಹುದು, ಇಲ್ಲವೇ ಮನೆಯೊಳಗೇ ತೀರ ಮಡಚಿರಬಹುದು. ಆಗ ಫೋನಿನಲ್ಲಿ ಏನು ಒತ್ತಿದರೂ ಪ್ರಯೋಜನವಿಲ್ಲ. ಕಂಪನಿಗೆ ದೂರು ಕೊಡುವುದೊಂದೇ ದಾರಿ.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. “ನೆಟ್ ಬರವಲ್ದು” ಎನ್ನುವುದಕ್ಕೂ “ಎಲ್‌ಓಎಸ್ ಕೆಂಪು ಆಗ್ಯಾದ” ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಹೇಳಿದರೆ ಕಮಲಾಪುರಕ್ಕೆ ಬರುವವನು ತಂತಿ ಬೆಸೆಯುವ ಯಂತ್ರ ತೆಗೆದುಕೊಂಡೇ ಬರುತ್ತಾನೆ. ಅವನಿಗೂ ಒಂದು ಸುತ್ತು ಉಳಿಯುತ್ತದೆ, ನಿಮಗೂ ಒಂದು ದಿನ ಉಳಿಯುತ್ತದೆ. ಅಂದ ಹಾಗೆ, ಕಿತ್ತ ಗಾಜಿನ ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ಎಂದೂ ನೋಡಬೇಡಿ. ಒಳಗಿನದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಫೋನೇ ಕೀಲಿಕೈ

ಈಗ ಮುಖ್ಯ ಕೆಲಸ. ರೂಟರ್‌ಗೆ ಕರೆಂಟು ಕೊಟ್ಟು ಎರಡು ಮೂರು ನಿಮಿಷ ಬಿಡಿ. ಪೆಟ್ಟಿಗೆಯನ್ನು ಮಗುಚಿದರೆ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ವೈ-ಫೈ ಹೆಸರು, ಅದರ ಪಾಸ್‌ವರ್ಡ್, ಒಂದು ಅಂಕಿಯ ವಿಳಾಸ ಇರುತ್ತವೆ. ಫೋನಿನಿಂದ ಆ ಚೀಟಿಯ ಚಿತ್ರ ತೆಗೆದಿಟ್ಟುಕೊಳ್ಳಿ.

ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ. ಈ ಸಣ್ಣ ಮಾತನ್ನು ಮರೆತೇ ಅನೇಕರು ಸೋಲುವುದು. ಹೊಸ ರೂಟರಿನಲ್ಲಿ ಇನ್ನೂ ಇಂಟರ್‌ನೆಟ್ ಇಲ್ಲವೆಂದು ತಿಳಿದ ಫೋನು ತಾನಾಗಿಯೇ ಸಿಮ್ಮಿನ ಡೇಟಾಕ್ಕೆ ಜಿಗಿಯುತ್ತದೆ. ಆಗ ರೂಟರಿನ ಪುಟ ತೆರೆಯುವುದೇ ಇಲ್ಲ. ಡೇಟಾ ಬಂದ್ ಮಾಡಿದ ಮೇಲೆ ಚೀಟಿಯಲ್ಲಿರುವ ವೈ-ಫೈಗೆ ಫೋನನ್ನು ಜೋಡಿಸಿ. “ಇಂಟರ್‌ನೆಟ್ ಇಲ್ಲ, ಆದರೂ ಇರಲೇ?” ಎಂದು ಕೇಳಿದರೆ ಇರಲಿ ಎನ್ನಿ.

ಇನ್ನು ಬ್ರೌಸರ್ ತೆರೆದು ಚೀಟಿಯಲ್ಲಿನ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಎಂದಿರುತ್ತದೆ. ಇದು ಹೊರಜಗತ್ತಿನ ವಿಳಾಸವಲ್ಲ. ಮನೆಯೊಳಗಿನ ಜಾಲಗಳಿಗೆಂದೇ ಮೀಸಲಿಟ್ಟ ಅಂಕಿ. ಕಲಬುರಗಿಯ ಮನೆಯಲ್ಲೂ ಕ್ಯಾಲಿಫೋರ್ನಿಯದ ಮನೆಯಲ್ಲೂ ಇದೇ ಅಂಕಿ ಇರಬಹುದು, ಒಂದಕ್ಕೊಂದು ತಾಕುವುದಿಲ್ಲ. ಕೆಲವು ತಯಾರಕರು ಇದೇ ಕೆಲಸಕ್ಕೆ ತಮ್ಮ ಆ್ಯಪ್ ಕೊಟ್ಟಿರುತ್ತಾರೆ, ಅದೂ ಆದೀತು. ಪುಟ ತೆರೆದಾಗ ರೂಟರಿನ ಒಳಹೋಗಲು ಬೇರೊಂದು ಹೆಸರು, ಬೇರೊಂದು ಪಾಸ್‌ವರ್ಡ್ ಕೇಳುತ್ತದೆ. ಅದೂ ಚೀಟಿಯಲ್ಲೇ ಇರುತ್ತದೆ. ಇಲ್ಲದಿದ್ದರೆ ಕಂಪನಿಯವರನ್ನು ಕೇಳಿ ಪಡೆಯಿರಿ.

ಒಳಗೆ ಹೋದ ಮೇಲೆ ನೋಡಬೇಕಾದದ್ದು ಮೂರೇ ಜಾಗ. ಒಂದು, ಇಂಟರ್‌ನೆಟ್ ಅಥವಾ ‘ವ್ಯಾನ್’ ಎಂಬ ಪುಟ. ಕಂಪನಿ ಕೊಟ್ಟ ಗ್ರಾಹಕರ ಹೆಸರು, ಗುಟ್ಟಿನ ಪದ ಇದ್ದರೆ ಅವನ್ನು ಇಲ್ಲಿ ತುಂಬಬೇಕು. ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ಬಹುತೇಕ ಇದು ಮೊದಲೇ ತುಂಬಿರುತ್ತದೆ, ಮುಟ್ಟುವುದು ಬೇಡ. ಎರಡು, ‘ವೈರ್‌ಲೆಸ್’ ಪುಟ. ಇಲ್ಲಿ ವೈ-ಫೈಗೆ ನಿಮ್ಮದೇ ಹೆಸರು, ನಿಮ್ಮದೇ ಪಾಸ್‌ವರ್ಡ್ ಕೊಡಿ. ಭದ್ರತೆಯ ಬಗೆಯನ್ನು ಕೇಳಿದರೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ. ಡಬ್ಲ್ಯೂಇಪಿ ಎಂಬ ಹಳೆಯ ಬಗೆಯ ಗುಟ್ಟು 2001ರಲ್ಲೇ ಬಯಲಾಗಿದೆ. ಮೂರು, ‘ಅಡ್ಮಿನ್’ ಅಥವಾ ‘ಸಿಸ್ಟಮ್’ ಪುಟ. ರೂಟರಿನ ಒಳಹೋಗುವ ಪಾಸ್‌ವರ್ಡನ್ನು ಇಲ್ಲಿ ಬದಲಿಸಿ.

‘ಸೇವ್’ ಒತ್ತಿದ ಕೂಡಲೇ ಫೋನಿನ ಸಂಪರ್ಕ ಕಡಿಯುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಹಳೆಯ ಹೆಸರು ಹೋಗಿ ಹೊಸದು ಬಂದಿದೆ, ಅಷ್ಟೇ. ಹೊಸ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಕೊಳ್ಳಿ. ಮುಗಿಯಿತು!

ಒಂದು ಎಚ್ಚರಿಕೆಯ ಮಾತು. ಪೆಟ್ಟಿಗೆಯ ಹಿಂದೆ ‘ರೀಸೆಟ್’ ಎಂಬ ಸಣ್ಣ ತೂತು ಇರುತ್ತದೆ. ಅದರೊಳಗೆ ಪಿನ್ನು ಚುಚ್ಚಿ ಹಿಡಿದರೆ ರೂಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಕಂಪನಿಯವರು ತುಂಬಿದ ವಿವರಗಳೂ ಅಳಿಸಿ ಹೋಗಬಹುದು. ಆ ವಿವರ ನಿಮ್ಮ ಬಳಿ ಬರೆದಿಟ್ಟಿಲ್ಲವಾದರೆ ಆ ತೂತಿನ ಗೊಡವೆಗೆ ಹೋಗಬೇಡಿ.

ಹತ್ತು ಅಂಕಿಯ ಗುಟ್ಟು

ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿದರೆ ಏನಾಯಿತು ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8, 9ರಲ್ಲಿ ಒಂದರಿಂದ ಆರಂಭವಾಗುತ್ತವೆ. ಉಳಿದದ್ದು 9 ಅಂಕಿ. ಒಟ್ಟು ಸಾಧ್ಯತೆ 400 ಕೋಟಿ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ವೈ-ಫೈ ಸಂಕೇತವನ್ನು ಗಾಳಿಯಿಂದ ಹಿಡಿದಿಟ್ಟುಕೊಂಡವನ ಬಳಿ ಇಂದಿನ ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಊಹೆಗಳನ್ನು ಪರೀಕ್ಷಿಸಬಹುದು. ಎಂದರೆ, ಇಡೀ ದೇಶದ ನಂಬರುಗಳನ್ನೆಲ್ಲ ಜಾಲಾಡಲು ಒಂದೆರಡು ಗಂಟೆ ಸಾಕು! ಪಕ್ಕದ ಮನೆಯವರಿಗಂತೂ ಅಷ್ಟು ಕಷ್ಟವೂ ಬೇಕಿಲ್ಲ. ನಿಮ್ಮ ನಂಬರು ಅವರ ಫೋನಿನಲ್ಲೇ ಇದೆ.

ಅದರಿಂದ ಆಗುವ ನಷ್ಟ ಡೇಟಾ ಕಳವು ಮಾತ್ರವಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮುನ್ನ ಭಯೋತ್ಪಾದಕರು ಕಳುಹಿಸಿದ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನರ ಮನೆಗೆ. ಅವರ ಭದ್ರತೆಯಿಲ್ಲದ ವೈ-ಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಏನೂ ಅರಿಯದ ಆ ಗೃಹಸ್ಥರು ವಿಚಾರಣೆ ಎದುರಿಸಬೇಕಾಯಿತು. ನಿಮ್ಮ ಜಾಲದಿಂದ ಯಾರು ಏನೇ ಮಾಡಿದರೂ ಹೊರಗೆ ಕಾಣುವುದು ನಿಮ್ಮ ಮನೆಯ ವಿಳಾಸವೇ.

ಕಾರ್ಖಾನೆಯ ಪಾಸ್‌ವರ್ಡನ್ನು ಹಾಗೆಯೇ ಬಿಡುವುದೂ ಅಪಾಯ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಇಂತಹ ಅರವತ್ತಕ್ಕೂ ಹೆಚ್ಚು ಸಾಮಾನ್ಯ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಲೋಕದ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅವನ್ನೆಲ್ಲ ಒಟ್ಟಿಗೆ ಛೂ ಬಿಟ್ಟಾಗ ಅಮೆರಿಕದ ಹಲವೆಡೆ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಗಂಟೆಗಟ್ಟಲೆ ಸಿಗದಂತಾದವು. ಆ ಉಪಕರಣಗಳ ಒಡೆಯರಿಗೆ ಇದರ ಸುಳಿವೂ ಇರಲಿಲ್ಲ.

ಹಾಗಾದರೆ ಒಳ್ಳೆಯ ಪಾಸ್‌ವರ್ಡ್ ಯಾವುದು? ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಕೂಡಿಸಿ, ನಡುವೆ ಒಂದೆರಡು ಅಂಕಿ ಸೇರಿಸಿ. ತೊಗರಿ, ಗುಮ್ಮಟ, ಎಮ್ಮೆ, ಛತ್ರಿ ಎಂಬಂತೆ. ನೆನಪಿಡಲು ಸುಲಭ, ಊಹಿಸಲು ಕಷ್ಟ. ವೈ-ಫೈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು, ಜಿಪುಣತನ ಬೇಡ. ಬಂದ ನೆಂಟರಿಗೆಲ್ಲ ಅದನ್ನು ಹೇಳುವ ಸಂಕಟವಿದ್ದರೆ ರೂಟರಿನಲ್ಲಿ ‘ಗೆಸ್ಟ್’ ಎಂಬ ಬೇರೆ ವೈ-ಫೈ ತೆರೆದಿಡಿ. ಅತಿಥಿಗಳಿಗೆ ಪಡಸಾಲೆ ಬಿಟ್ಟುಕೊಟ್ಟಂತೆ; ಒಳಮನೆ ನಿಮ್ಮದೇ.

ಎಲ್ಲಿಡಬೇಕು?

ತಂತಿ ಒಳಬಂದ ಮೂಲೆಯಲ್ಲೇ ಟಿ.ವಿ.ಯ ಹಿಂದೆ ರೂಟರನ್ನು ತೂಗುಹಾಕುವುದು ವಾಡಿಕೆ. ಅಲೆಗಳಲ್ಲಿ ಅರ್ಧ ಬೀದಿ ಪಾಲು! ಸಾಧ್ಯವಾದರೆ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇಡಿ. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ಬೇಸಿಗೆಯ ಝಳವನ್ನು ತಡೆದಂತೆ ವೈ-ಫೈಯನ್ನೂ ತಡೆಯುತ್ತದೆ. ಕಬ್ಬಿಣದ ಅಲಮಾರಿ, ಕನ್ನಡಿ, ನೀರಿನ ಟಾಕಿ ಇವೂ ಅಡ್ಡಿಯೇ. ಕೊಂಬನ್ನು ನೇರ ನಿಲ್ಲಿಸಿದರೆ ಅಲೆ ಅದರ ಸುತ್ತ ಉದ್ದಿನ ವಡೆಯ ಆಕಾರದಲ್ಲಿ ಅಗಲಕ್ಕೆ ಹರಡುತ್ತದೆ. ಮಹಡಿಯ ಮನೆಯಾದರೆ ಒಂದು ಕೊಂಬನ್ನು ಅಡ್ಡ ಮಲಗಿಸಿ.

ಇಲ್ಲೂ ಫೋನು ನೆರವಿಗೆ ಬರುತ್ತದೆ. ಸಂಕೇತದ ಬಲ ಅಳೆಯುವ ಉಚಿತ ಆ್ಯಪ್‌ಗಳಿವೆ. ಅದು ತೋರಿಸುವ ಅಂಕಿ ಮೈನಸ್ 30ರ ಸುಮಾರಿಗಿದ್ದರೆ ನೀವು ರೂಟರಿನ ಮಗ್ಗುಲಲ್ಲೇ ಇದ್ದೀರಿ. ಮೈನಸ್ 67ರವರೆಗೆ ವಿಡಿಯೊ ಪಾಠಕ್ಕೆ ತೊಂದರೆಯಿಲ್ಲ. ಮೈನಸ್ 80 ದಾಟಿದರೆ ನಂಬುವಂತಿಲ್ಲ. ಪ್ರತಿ 3 ಅಂಕಿ ಕುಸಿದಾಗ ಶಕ್ತಿ ಅರ್ಧವಾಗುತ್ತದೆ. ಫೋನು ಹಿಡಿದು ಮಕ್ಕಳು ಓದುವ ಕೋಣೆಗೆ ಹೋಗಿ ನೋಡಿ, ರೂಟರಿನ ಜಾಗ ಬದಲಿಸಿ ಮತ್ತೆ ನೋಡಿ. ತಂತಿಯೇ ಬಾರದ ತೋಟದ ಮನೆಗಳಲ್ಲಿ ಸಿಮ್ ಹಾಕುವ ರೂಟರ್ ಇಡುವುದುಂಟು. ಅದನ್ನು ಯಾವ ಕಿಟಕಿಯ ಬಳಿ ಇಡಬೇಕೆಂದು ಅದೇ ಕಂಪನಿಯ ಸಿಮ್ ಇರುವ ಫೋನು ಮೊದಲೇ ತೋರಿಸಿಕೊಡುತ್ತದೆ.

ಬಿಸಿಲು, ಕರೆಂಟು

ಬಹಳಷ್ಟು ರೂಟರುಗಳು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪಕ್ಕೆಂದು ತಯಾರಾದವು. ಕಲಬುರಗಿಯ ಬೇಸಿಗೆ ಈ ಗಡಿಯನ್ನು ದಾಟುವುದು ಯಾರಿಗೆ ಗೊತ್ತಿಲ್ಲ? ಷೋಕೇಸಿನೊಳಗೆ, ತಗಡಿನ ಕೆಳಗೆ, ಬಟ್ಟೆ ಹೊದಿಸಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ತೊದಲತೊಡಗುತ್ತದೆ. ಗಾಳಿಯಾಡುವ ಜಾಗವಿರಲಿ. 10 ವಾಟ್‌ನ ರೂಟರ್ ಹಗಲಿರುಳು ಉರಿದರೂ ತಿಂಗಳಿಗೆ ಸುಮಾರು 7 ಯೂನಿಟ್ ಅಷ್ಟೇ. ಕರೆಂಟು ಹೋದಾಗಲೂ ನೆಟ್ ಬೇಕೆಂದರೆ ರೂಟರಿಗೆಂದೇ ಇರುವ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅದರ ವೋಲ್ಟೇಜು ನಿಮ್ಮ ಅಡಾಪ್ಟರಿನ ಮೇಲೆ ಬರೆದಿರುವುದಕ್ಕೆ ಸಮನಾಗಿದೆಯೇ ನೋಡಿ.

ಇಷ್ಟೆಲ್ಲ ಕಲಿತ ಮೇಲೂ ತಂತಿ ತುಂಡಾದಾಗ ಬಿಸಿಲಲ್ಲಿ ಏಣಿ ಹತ್ತುವವನು ಆ ಹುಡುಗನೇ. ಅವನ ಕೆಲಸಕ್ಕೆ ಬೆಲೆ ಇದ್ದೇ ಇದೆ. ಆದರೆ ಮನೆಯೊಳಗಿನ ಪಾಸ್‌ವರ್ಡು ಅವನ ನೆನಪಿನಲ್ಲಿ ಉಳಿಯಬೇಕಾದದ್ದಲ್ಲ. ಕಂಪನಿಯ ದೂರು ಸಂಖ್ಯೆ, ಗ್ರಾಹಕರ ಸಂಖ್ಯೆ, ರೂಟರಿನ ಪಾಸ್‌ವರ್ಡು, ವೈ-ಫೈ ಪಾಸ್‌ವರ್ಡು ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ ಇಡುವ ಜಾಗದಲ್ಲೇ ಇಡಿ. ಮನೆಯಲ್ಲಿ ಓದುವ ಮಗಳೋ ಮಗನೋ ಇದ್ದರೆ ಈ ಭಾನುವಾರ ಅವರ ಕೈಯಿಂದಲೇ ಇದನ್ನೆಲ್ಲ ಮಾಡಿಸಿ, ಪಕ್ಕದಲ್ಲಿ ಕುಳಿತು ನೀವೂ ನೋಡಿ. ಮುಂದಿನ ಸಲ ಅವರು ಊರಲ್ಲಿಲ್ಲದಾಗ ನೆಟ್ ನಿಂತರೆ, ಯಾವ ದೀಪ ನೋಡಬೇಕೆಂಬುದು ನಿಮಗೆ ಗೊತ್ತಿರುತ್ತದೆ.