ಫರಸಿ ಕಲ್ಲು, ಮೂಳೆ, ಬೆಳಗುವ ಕಣ

ಶಹಾಬಾದ್ ಫರಸಿ ಹಾಸಿದ ಮನೆಯಲ್ಲಿ ಬೆಳೆದವರಿಗೆ ಆ ಕಲ್ಲಿನ ತಂಪು ಗೊತ್ತು. ಸೇಡಂ, ಚಿತ್ತಾಪುರ, ವಾಡಿಗಳ ನೆಲದಡಿಯೂ ಅದೇ ಸುಣ್ಣಕಲ್ಲು ಹಬ್ಬಿದೆ. ಅಲ್ಲಿನ ಸಿಮೆಂಟಿಗೆ ಅದೇ ಮೂಲ. ಈ ಕಲ್ಲಿನ ಕ್ಯಾಲ್ಸಿಯಂ ಫ್ಲೋರೈಡನ್ನು ಕಂಡರೆ ಬಿಡದು. ನೀರಿನಲ್ಲಿ ಎರಡೂ ಹೆಚ್ಚಾದರೆ ಒಂದಾಗಿ ಹರಳುಗಟ್ಟಿ ಕಲ್ಲಿನ ಪಾಲಾಗುತ್ತವೆ. ಅದಕ್ಕೇ ಪಾತ್ರೆಗೆ ಬಿಳಿ ಕರೆ ಕಟ್ಟಿಸುವ ಗಡಸು ನೀರಿನಲ್ಲಿ ಫ್ಲೋರೈಡ್ ಮಿತಿಮೀರುವುದು ಕಡಿಮೆ.

ಆದರೆ ಚಿಂಚೋಳಿಯ ಕಪ್ಪುಕಲ್ಲಿನ ನೆಲ ಬೇರೆ. ಸುಣ್ಣಕಲ್ಲಿನ ದಕ್ಷಿಣದಂಚಿನಲ್ಲಿ ಸಿಗುವ ಗ್ರಾನೈಟ್ ಇನ್ನೂ ಬೇರೆ. ಗ್ರಾನೈಟಿನ ಖನಿಜಗಳಲ್ಲೇ ಫ್ಲೋರೈಡ್ ಇರುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚಿರುವ ಆಳದ ಬೋರ್‌ವೆಲ್ ನೀರಿಗೆ ಅದು ಇಳಿದರೆ ಹಿಡಿದು ಕೂರಿಸುವವರಿಲ್ಲ. ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಕಡೆಯ ಮಿತಿ.

ಕಲ್ಲಿನಲ್ಲಿ ನಮ್ಮನ್ನು ಕಾಯುವ ಆ ಸೆಳೆತವೇ ಮೈಯೊಳಗೆ ಕಂಟಕ. ದೇಹದಲ್ಲಿ ಉಳಿಯುವ ಫ್ಲೋರೈಡಿನ ಶೇ. 99ರಷ್ಟು ಮೂಳೆ, ಹಲ್ಲುಗಳನ್ನೇ ಸೇರುತ್ತದೆ, ಏಕೆಂದರೆ ಅಲ್ಲೂ ಇರುವುದು ಕ್ಯಾಲ್ಸಿಯಂ. ಹಲ್ಲಿನ ಕಂದುಪಟ್ಟೆ ಕಣ್ಣಿಗೆ ಬೀಳುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಮೂಳೆಯದಂತೂ ವರ್ಷಗಟ್ಟಲೆ ಕಾಣುವುದೇ ಇಲ್ಲ. ಮೊದಲು ಸುಳಿವು ಕೊಡುವುದು ಮೂತ್ರ.

ಬೆಳಗುವ ನ್ಯಾನೊಕಣಗಳ ಮೇಲೆ ನನಗೆ ಭರವಸೆ ಹುಟ್ಟಿದ್ದು ಇಲ್ಲಿಯೇ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಅಷ್ಟು ಸಣ್ಣ ಅಳತೆಯ ಕಣದಲ್ಲಿ ಯುರೋಪಿಯಂ ಲೋಹವನ್ನು ಕೂರಿಸಿ ಅತಿನೇರಳೆ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಆದರೆ ಅದಕ್ಕೆ ನೀರಿನ ಅಣು ಅಂಟಿದ್ದರೆ ಹೀರಿದ ಶಕ್ತಿಯೆಲ್ಲ ಆ ಅಣುವಿನ ಕಂಪನದಲ್ಲಿ ಸೋರಿ, ಬೆಳಕು ಮಂಕಾಗುತ್ತದೆ. ಫ್ಲೋರೈಡ್ ಬಂದು ನೀರನ್ನು ಸರಿಸಿ ಆ ಜಾಗದಲ್ಲಿ ಕೂತಿತೆನ್ನಿ, ಕೆಂಪು ಮತ್ತೆ ಏರುತ್ತದೆ. ಏರಿಕೆಯನ್ನು ಅಳೆದರೆ ಫ್ಲೋರೈಡಿನ ಲೆಕ್ಕ ಸಿಕ್ಕಿತು. ತೊಡಕೆಂದರೆ ಮೂತ್ರದ ಫಾಸ್ಫೇಟ್. ಅದೂ ಯುರೋಪಿಯಂಗೆ ಅಂಟಿಕೊಳ್ಳುತ್ತದೆ. ಶುದ್ಧ ನೀರಿನಲ್ಲಿ ಗೆದ್ದ ಕಣ ಮೂತ್ರದಲ್ಲಿ ಸೋಲುವುದು ಇದರಿಂದಲೇ.

ಅದೇ ಕಣ ಫ್ಲೋರೈಡನ್ನು ಹಿಡಿದು ಮೈಯಿಂದ ಹೊರಗೊಯ್ದರೆ ಚಿಕಿತ್ಸೆಯೂ ಆಯಿತಲ್ಲ ಎಂಬ ಆಸೆ ಸಂಶೋಧಕರಿಗಿದೆ. ದಾರಿ ದೂರ. ಸುಮಾರು 6 ನ್ಯಾನೊಮೀಟರಿಗಿಂತ ದಪ್ಪದ ಕಣವನ್ನು ಮೂತ್ರಪಿಂಡ ಸೋಸಿ ಬಿಡುವುದಿಲ್ಲ; ಅದು ಯಕೃತ್ತಿನಲ್ಲಿ ಕೂತರೆ ಹೊಸ ರೋಗ. ಮೂಳೆ ಸೇರಿದ ಫ್ಲೋರೈಡಂತೂ ಸುಲಭಕ್ಕೆ ಸಡಿಲುವುದಿಲ್ಲ. ಹೀಗಾಗಿ ಬೇರೆ ನೀರು ಕೊಡುವುದೇ ಇಂದಿಗೂ ಮೊದಲ ಮದ್ದು.

ಆದರೂ ಮೂತ್ರದ ದಾರಿಯನ್ನು ಅಗಲಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಹುಡುಗರಿಗೆ ದಿನವೂ ಹುಣಸೆಹಣ್ಣು ಕೊಟ್ಟು ನೋಡಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು: ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು. ಅದನ್ನು ಅಳೆಯಲು ಪ್ರಯೋಗಾಲಯವೇ ಬೇಕಾಯಿತು. ಫಾಸ್ಫೇಟಿಗೆ ಮೋಸಹೋಗದ ಕಣವೊಂದು ಕಾಗದದ ಪಟ್ಟಿಗೆ ಇಳಿದರೆ, ಹಾಲುಹಲ್ಲು ಬೀಳುವ ಮುಂಚೆಯೇ ಮಗುವಿನ ಮೂತ್ರವನ್ನು ಅಂಗನವಾಡಿಯಲ್ಲೇ ನೋಡಬಹುದು.