ಕಾಣದ ಅನಿಲದ ಅಳತೆ

ಕೆರೆಯ ಅಂಚಿನ ಕೆಸರಿನಲ್ಲಿ ಕೋಲನ್ನು ಊರಿದರೆ ಗುಳುಗುಳು ಎಂದು ಗುಳ್ಳೆಗಳು ಮೇಲೇಳುತ್ತವೆ. ಗಾಳಿಯಾಡದ ಕೆಸರಿನಲ್ಲಿ ಕೊಳೆತ ಎಲೆ, ಬೇರು, ಹುಲ್ಲುಗಳನ್ನು ಸೂಕ್ಷ್ಮಜೀವಿಗಳು ಒಡೆದಾಗ ಹುಟ್ಟುವ ಮೀಥೇನ್ ಅನಿಲ ಆ ಗುಳ್ಳೆಗಳಲ್ಲಿರುತ್ತದೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಮುಖ್ಯವಾಗಿ ಇದೇ ಅನಿಲ. ಗುಳ್ಳೆ ಒಡೆದೊಡನೆ ಅದು ಗಾಳಿಯಲ್ಲಿ ಬೆರೆತು ಕಣ್ಮರೆಯಾಗುತ್ತದೆ. ದಿನವೊಂದಕ್ಕೆ ಹೀಗೆ ಎಷ್ಟು ಹೋಗುತ್ತದೆ ಎಂದು ಕೇಳಿದರೆ, ಬಹುಪಾಲು ಕೆರೆಗಳ ವಿಷಯದಲ್ಲಿ ಉತ್ತರ ಹೇಳಬಲ್ಲವರು ಯಾರೂ ಇಲ್ಲ.

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಉದ್ದನೆಯ ಕೊಳವೆಯೊಂದರಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ, ಅವುಗಳ ಮೂಲಕ ಶಾಖಕಿರಣಗಳನ್ನು ಹಾಯಿಸಿ ಪರೀಕ್ಷಿಸಿದರು. ಗಾಳಿಯ ಬಹುಭಾಗವಾದ ನೈಟ್ರೊಜನ್ ಮತ್ತು ಆಮ್ಲಜನಕಗಳು ಶಾಖವನ್ನು ಹೆಚ್ಚುಕಡಿಮೆ ತಡೆಯದೆ ಬಿಟ್ಟವು. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದವು ಅದನ್ನು ಹೀರಿಕೊಂಡವು. ಭೂಮಿಯಿಂದ ಹೊರಡುವ ಶಾಖವನ್ನು ಹೀಗೆ ಹಿಡಿದಿಡುವ ಅನಿಲಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು. ಇವು ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಇವು ಹೆಚ್ಚಿದಂತೆಲ್ಲ ಅದರ ಕಾವು ಏರುತ್ತದೆ. ಸಮತೂಕದ ಎರಡು ಅನಿಲಗಳನ್ನು ತೆಗೆದುಕೊಂಡು ನೂರು ವರ್ಷಗಳ ಪರಿಣಾಮವನ್ನು ಹೋಲಿಸಿದರೆ, ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಪ್ರಬಲವಾದುದು.

ವಾಯುಮಂಡಲದಲ್ಲಿ ಈ ಅನಿಲಗಳು ಒಟ್ಟು ಎಷ್ಟಿವೆ ಎಂಬುದು ಚೆನ್ನಾಗಿ ತಿಳಿದಿದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಆರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ 313 ಭಾಗಗಳಷ್ಟಿತ್ತು. 2024ರಲ್ಲಿ ಅಲ್ಲಿಯ ವಾರ್ಷಿಕ ಸರಾಸರಿ 424 ಭಾಗಗಳನ್ನು ದಾಟಿತು. ಆದರೆ ಯಾವ ಊರಿನ ಹೊಗೆಯೂ ತಾಕದಂತಹ ಪರ್ವತವನ್ನು ಕೀಲಿಂಗ್ ಆರಿಸಿಕೊಂಡದ್ದೇ ಇಡೀ ವಾಯುಮಂಡಲದ ಸ್ಥಿತಿಯನ್ನು ಅರಿಯಲೆಂದು. ಕಣಜದ ಒಟ್ಟು ಧಾನ್ಯವನ್ನು ಅಳೆದವನಿಗೆ ಯಾವ ಹೊಲದಿಂದ ಎಷ್ಟು ಬಂದಿತೆಂಬುದು ತಿಳಿಯದಷ್ಟೆ. ಆ ಲೆಕ್ಕವನ್ನು ದೇಶಗಳು ಬೇರೊಂದು ರೀತಿಯಲ್ಲಿ ಬರೆಯುತ್ತವೆ: ಸುಟ್ಟ ಕಲ್ಲಿದ್ದಲು ಎಷ್ಟು ಟನ್ನು, ದನಕರುಗಳೆಷ್ಟು, ಬತ್ತದ ಗದ್ದೆ ಎಷ್ಟು ಹೆಕ್ಟೇರು ಎಂದು ಎಣಿಸಿ, ಒಂದೊಂದನ್ನೂ ಗೊತ್ತುಪಡಿಸಿದ ಒಂದು ಸಂಖ್ಯೆಯಿಂದ ಗುಣಿಸುತ್ತವೆ. ಕಲ್ಲಿದ್ದಲಿನ ಮಟ್ಟಿಗೆ ಇದು ಸಾಕಷ್ಟು ಸರಿಯಾದ ಕ್ರಮ. ಕೆರೆ, ಗದ್ದೆ, ಕಸದ ರಾಶಿ, ಸೋರುವ ಕೊಳವೆ ಇವುಗಳ ಮಟ್ಟಿಗೆ ಅದು ಊಹೆಗೆ ಹತ್ತಿರವಾದುದು. ಇಂತಹ ಕಡೆಗಳಲ್ಲಿ ಅನಿಲ ಕಡಿಮೆಯಾಯಿತೆಂದು ಯಾರಾದರೂ ಸಾರಿದರೆ, ಸ್ಥಳದಲ್ಲಿಯೇ ಅಳೆಯದೆ ಆ ಮಾತನ್ನು ಒರೆಗೆ ಹಚ್ಚುವಂತಿಲ್ಲ.

ಅಳೆಯಲು ಲೇಸರ್ ಕಿರಣವನ್ನು ಬಳಸುವ ಉತ್ತಮ ಉಪಕರಣಗಳೇನೋ ಇವೆ. ಆದರೆ ಒಂದೊಂದರ ಬೆಲೆ ಹತ್ತಾರು ಲಕ್ಷ ರೂಪಾಯಿ. ಅಂತಹದನ್ನು ಮಳೆಬಿಸಿಲೆನ್ನದೆ ಕೆರೆಯ ಮೇಲೆ ತೇಲಿಬಿಡಲು ಯಾರಿಗೆ ತಾನೆ ಮನಸ್ಸು ಬಂದೀತು! ಈ ಇಕ್ಕಟ್ಟಿನಲ್ಲಿ ನೆರವಿಗೆ ಬಂದದ್ದು ಅಡುಗೆಮನೆಗೆಂದು ಹುಟ್ಟಿದ ಒಂದು ಪುಟ್ಟ ಸಾಧನ. 1960ರ ದಶಕದಲ್ಲಿ ಜಪಾನಿನ ನವೊಯೊಶಿ ತಗುಚಿ ಎಂಬವರು, ಮನೆಗಳಲ್ಲಿ ಅಡುಗೆ ಅನಿಲ ಸೋರಿದರೆ ಎಚ್ಚರಿಸುವಂತಹ ಸಂವೇದಕವನ್ನು ತವರದ ಆಕ್ಸೈಡಿನಿಂದ ರಚಿಸಿದರು. ಕಾಯಿಸಿದ ತವರದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ. ಆಗ ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಮೀಥೇನಿನಂತಹ ಉರಿಯಬಲ್ಲ ಅನಿಲ ಬಂದು ಆ ಆಮ್ಲಜನಕದೊಡನೆ ಸೇರಿದಾಗ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ವಿದ್ಯುತ್ ರೋಧ ಇಳಿಯುತ್ತದೆ. ರೋಧ ಎಷ್ಟು ಇಳಿಯಿತೆಂಬುದೇ ಅನಿಲದ ಸುಳಿವು.

ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾನಿಲಯದ ಡೇವಿಡ್ ಬಾಸ್ಟ್‌ವಿಕೆನ್ ಮತ್ತು ಅವರ ಸಂಗಡಿಗರು ಈ ಬಗೆಯ ಸಂವೇದಕವನ್ನು ಅಳತೆಯ ಕೆಲಸಕ್ಕೆ ಒಗ್ಗಿಸಿದರು. ಯಾರು ಬೇಕಾದರೂ ತಾವೇ ಜೋಡಿಸಿಕೊಳ್ಳಬಹುದಾದ ಉಪಕರಣದ ವಿವರಗಳನ್ನು 2020ರಲ್ಲಿ ಪ್ರಕಟಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೀಗೆ, ದೊಡ್ಡ ಪ್ರಯೋಗಶಾಲೆಗಳ ಸೊತ್ತಾಗಿದ್ದ ಅಳತೆ ಪದವಿ ತರಗತಿಯ ವಿದ್ಯಾರ್ಥಿಗಳ ಕೈಗೂ ಎಟುಕುವಂತಾಯಿತು.

ವಿದ್ಯಾರ್ಥಿನಿಯೊಬ್ಬಳು ಇಂತಹ ಸಂಶೋಧನೆಯನ್ನು ಕೈಗೊಂಡಳೆನ್ನಿ. ಅವಳ ಕೆಲಸದ ಹೆಚ್ಚಿನ ಪಾಲು ನಡೆಯುವುದು ಕೆರೆಯ ಮೇಲಲ್ಲ, ಪ್ರಯೋಗಶಾಲೆಯಲ್ಲಿ. ಏಕೆಂದರೆ ಈ ಸಂವೇದಕ ಬಲು ಚಂಚಲ. ಗಾಳಿಯ ತೇವ ಹೆಚ್ಚಿದರೆ ಅದರ ರೋಧ ಬದಲಾಗುತ್ತದೆ. ಸೆಕೆ ಏರಿದರೂ ಬದಲಾಗುತ್ತದೆ. ಸ್ಪಿರಿಟ್ಟಿನ ಆವಿಗೂ ಅದು ಓಗೊಡುತ್ತದೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ಸಂವೇದಕಗಳು ಸಹ ಒಂದೇ ಉತ್ತರವನ್ನು ಕೊಡುವುದಿಲ್ಲ. ಆದುದರಿಂದ ಅವಳು ಸಂವೇದಕವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಗೊತ್ತಾದ ಪ್ರಮಾಣದ ಮೀಥೇನನ್ನು ಒಳಬಿಟ್ಟು, ತೇವ ಮತ್ತು ಉಷ್ಣತೆಗಳನ್ನು ಬದಲಿಸುತ್ತ, ಪ್ರತಿಯೊಂದು ಸ್ಥಿತಿಯಲ್ಲಿಯೂ ರೋಧವನ್ನು ಗುರುತು ಹಾಕಿಕೊಳ್ಳಬೇಕು. ಸಾಧ್ಯವಾದರೆ ಪಕ್ಕದಲ್ಲಿ ನಂಬಿಕೆಯ ಉಪಕರಣವೊಂದನ್ನಿಟ್ಟು ತಾಳೆ ನೋಡಬೇಕು. ಹೀಗೆ ವಾರಗಟ್ಟಲೆ ದುಡಿದ ಮೇಲೆ ಒಂದೊಂದು ಸಂವೇದಕಕ್ಕೂ ಅದರದೇ ಆದ ಸಮೀಕರಣ ಸಿದ್ಧವಾಗುತ್ತದೆ. ಇದನ್ನು ಬಿಟ್ಟು ನೇರವಾಗಿ ಕೆರೆಗೆ ಹೋದವಳು ಮೀಥೇನನ್ನಲ್ಲ, ಬೆಳಗಿನ ಇಬ್ಬನಿಯನ್ನು ಅಳೆದುಕೊಂಡು ಬಂದಾಳು.

ಅನಂತರದ ಕೆಲಸ ಸರಳ. ಪ್ಲಾಸ್ಟಿಕ್ ಬಕೆಟ್ಟೊಂದನ್ನು ಬೋರಲು ಹಾಕಿ, ಅಂಚಿಗೆ ತೇಲುವ ಬೆಂಡನ್ನು ಕಟ್ಟಿ, ಒಳಗೆ ಸಂವೇದಕವನ್ನಿಟ್ಟು ನೀರಿನ ಮೇಲೆ ಬಿಡುತ್ತಾರೆ. ನೀರಿನಿಂದ ಮೇಲೆದ್ದ ಅನಿಲ ಅದರೊಳಗೆ ಸೆರೆಯಾಗುತ್ತದೆ. ಬಕೆಟ್ಟಿನ ಬಾಯಿ 0.1 ಚದರ ಮೀಟರ್, ಒಳಗಿನ ಗಾಳಿ 20 ಲೀಟರ್ ಎಂದಿಟ್ಟುಕೊಂಡರೆ, ಮೀಥೇನ್ ನಿಮಿಷಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗದಂತೆ ಏರಿದಾಗ ಒಳಬಂದದ್ದು 0.02 ಮಿಲಿಲೀಟರ್. ಒಂದು ಚದರ ಮೀಟರಿಗೆ ಅದು 0.2 ಮಿಲಿಲೀಟರ್. ಅಲ್ಪವೆಂದು ತೋರುವ ಈ ಮೊತ್ತ, ಒಂದು ಹೆಕ್ಟೇರಿನ ಕೆರೆಯಿಡೀ ಹಾಗೆಯೇ ಇದ್ದರೆ, ದಿನವೊಂದಕ್ಕೆ 2,880 ಲೀಟರಾಗುತ್ತದೆ! ಆದರೆ ಕೆರೆಯಿಡೀ ಹಾಗೆಯೇ ಇರುವುದಿಲ್ಲ. ಗುಳ್ಳೆಗಳು ಒಂದು ಕಡೆ ಎದ್ದು, ಮಾರು ದೂರದಲ್ಲಿ ಏಳದಿರಬಹುದು. ಹಗಲು ಸುಮ್ಮನಿದ್ದು ರಾತ್ರಿ ಏಳಬಹುದು. ಒಂದೇ ಬಕೆಟ್ಟನ್ನು ನಂಬಿದವರು ಮೋಸ ಹೋಗುತ್ತಾರೆ. ಇಪ್ಪತ್ತು ಬಕೆಟ್ಟುಗಳನ್ನು ಹರಡಿ ಹಗಲಿರುಳು ಬಿಡಲು ಸಾಧ್ಯವಾಗುವುದು ಸಂವೇದಕ ಅಗ್ಗವಾಗಿದ್ದಾಗ ಮಾತ್ರ.

ನಗರದ ಗಾಳಿಯಲ್ಲಿಯೂ ಇದೇ ಕಥೆ. ಇಂಗಾಲದ ಡೈಆಕ್ಸೈಡ್ ಉರಿಯುವ ಅನಿಲವಲ್ಲವಾದ್ದರಿಂದ ತವರದ ಆಕ್ಸೈಡಿಗೆ ಅದು ಸಿಕ್ಕದು. ಅದಕ್ಕೆ ಟಿಂಡಲರ ದಾರಿಯೇ ದಾರಿ: ಚಿಕ್ಕ ಕೋಶದೊಳಗೆ ಅವಕೆಂಪು ಕಿರಣವನ್ನು ಹಾಯಿಸಿ, ಅನಿಲ ಎಷ್ಟನ್ನು ಹೀರಿತೆಂದು ನೋಡುವುದು. ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ರೊನಾಲ್ಡ್ ಕೋಹೆನ್ ಅವರು 2012ರಿಂದ ಇಂತಹ ಸಂವೇದಕಗಳನ್ನು ಶಾಲೆಗಳ ಮತ್ತು ಇತರ ಕಟ್ಟಡಗಳ ಮಾಳಿಗೆಗಳ ಮೇಲೆ, ಸುಮಾರು ಎರಡು ಕಿಲೋಮೀಟರಿಗೊಂದರಂತೆ ಇರಿಸಿದರು. 2020ರ ಮಾರ್ಚಿಯಲ್ಲಿ ಕೋವಿಡ್ ರೋಗದ ನಿಮಿತ್ತ ಜನರು ಮನೆಯಲ್ಲೇ ಇರಬೇಕೆಂಬ ಆಜ್ಞೆಯಾಯಿತು. ಅದಕ್ಕೆ ಮುಂಚಿನ ಆರು ವಾರಗಳನ್ನು ಅನಂತರದ ಆರು ವಾರಗಳೊಡನೆ ಹೋಲಿಸಿದಾಗ, ಆ ಪ್ರದೇಶದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಶೇಕಡ 30ರಷ್ಟು ತಗ್ಗಿದ್ದು ಕಂಡುಬಂದಿತು. ರಸ್ತೆಯ ವಾಹನಗಳಿಂದ ಬರುವುದು ಶೇಕಡ 48ರಷ್ಟು ಇಳಿದುದೇ ಅದಕ್ಕೆ ಬಹುಮಟ್ಟಿಗೆ ಕಾರಣವಾಗಿತ್ತು. ಅದೇ ವರ್ಷ ಮೌನಾ ಲೋವಾದ ರೇಖೆ ಎಂದಿನಂತೆಯೇ ಮೇಲೇರಿತು. ಆ ನಗರದ ಇಳಿತ ಅದರಲ್ಲಿ ಕಾಣಿಸಲಿಲ್ಲ.